ಸಂಕದ ಹಳ್ಳ

ನಮ್ಮ ಅಜ್ಜಿಮನೆ ಇರುವುದು ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ದಾರಿಯಲ್ಲಿ, ಶರಾವತಿಯ ದಂಡೆಯಿಂದ ಒಂದು ಕೂಗಳತೆ ದೂರದಲ್ಲಿ. ಮನೆಯ ಹಿಂದೆ ಒಂದು ಹಳ್ಳ. ಗುಡ್ಡದ ಮೇಲಿನ ಮನೆಯವರು ಅದನ್ನು ಬೇಣದ ಹಳ್ಳ ಎನ್ನುತ್ತಾರೆ. ಸ್ವಲ್ಪ ಕೆಳಗಿಳಿದು ಅಡಿಕೆ ತೋಟದ ಮಗ್ಗುಲಿಗೆ ಬಂದರೆ ಅದು ತೋಟದ ಹಳ್ಳ. ಅಜ್ಜಿಮನೆಯವರಿಗೆ ಸಂಕದ ಹಳ್ಳ. ಅಲ್ಲಿಂದಾಚೆ ಬಯಲಿನ ಮನೆಗಳವರಿಗೆ ಗದ್ದೆ ಹಳ್ಳ. ಹೊಳೆ ಸೇರುವಲ್ಲಿ ಅದು ಕೋಡಿ. ಗುಡ್ಡದಿಂದ ಹೊಳೆಯವರೆಗೆ ಅದರ ಜೊತೆಗೇ ನಡೆದರೆ ಒಂದೂಕಾಲು ತಾಸು ಸಾಕು. ಅಷ್ಟರೊಳಗೆ ಐದು ಹೆಸರು. ನಕ್ಷೆಯಲ್ಲಿ ಮಾತ್ರ ಅದೊಂದು ನೀಲಿ ಎಳೆ, ಪಕ್ಕದಲ್ಲಿ ಒಂದಕ್ಷರವೂ ಇಲ್ಲ.

ಅಜ್ಜಿಮನೆಯವರು ಇಟ್ಟ ಹೆಸರಿಗೆ ಕಾರಣ ಅಲ್ಲಿದ್ದ ಕಾಲುಸಂಕ. ಎರಡು ಅಡಿಕೆ ಮರ ಜೋಡಿಸಿ ಬಳ್ಳಿಯಿಂದ ಬಿಗಿದು, ಕೈಗೆ ಆಸರೆಯಾಗಿ ಒಂದು ಬಿದಿರ ಗಳ ಕಟ್ಟಿದ್ದು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾವ ಹೊಸ ಮರ ಹಾಕುತ್ತಿದ್ದರು. ಸಂಕದ ಕಂಬದ ಮೇಲೆ ನೀರಿನ ಗುರುತುಗಳು ಪಟ್ಟೆಪಟ್ಟೆಯಾಗಿ ಇರುತ್ತಿದ್ದವು. ಎಲ್ಲಕ್ಕಿಂತ ಮೇಲಿನದು ಯಾವುದೋ ವರ್ಷದ ಆಶ್ಲೇಷ ಮಳೆಯ ಗುರುತು, ಕೆಳಗಿನವು ದಿನದಿನದ ಏರಿಳಿತದವು. ರಜೆಗೆ ಹೋದ ನಮಗೆ ಆಟ ಒಂದೇ: ಉದುರಿದ ಅಡಿಕೆ ಹಾಳೆಯನ್ನು ಸಂಕದ ಮೇಲಿಂದ ದೋಣಿಯಂತೆ ಬಿಡುವುದು. ಅದು ಕುಲುಕುತ್ತ ಕೇದಿಗೆ ಹಿಂಡಿನವರೆಗೆ ಹೋಗುತ್ತಿತ್ತು, ಅಲ್ಲಿ ನಿಧಾನವಾಗುತ್ತಿತ್ತು, ಆಮೇಲೆ ನಿಂತೇಬಿಡುತ್ತಿತ್ತು. ಸ್ವಲ್ಪ ಹೊತ್ತು ಎತ್ತಲೂ ಹೋಗದೆ ತನ್ನ ಸುತ್ತ ತಾನೇ ತಿರುಗುತ್ತಿತ್ತು. ಮತ್ತೆ ನೋಡಿದರೆ ನಮ್ಮ ಕಡೆಗೇ ಹೊರಟಿರುತ್ತಿತ್ತು. ಬಿಟ್ಟ ದೋಣಿ ತಾನಾಗಿ ಮರಳಿ ಬರುವ ಹಳ್ಳ ಘಟ್ಟದ ಮೇಲಿನ ನನ್ನ ಗೆಳೆಯರ ಊರಲ್ಲಿ ಇರಲಿಲ್ಲ. ನಾನು ಹೇಳಿದ್ದನ್ನು ಅವರು ನಂಬಲಿಲ್ಲ.

ಸಮುದ್ರದ ಭರತ ಶರಾವತಿಯೊಳಗೆ ಬಹಳ ದೂರ ಏರಿ ಬರುತ್ತದೆ. ಆರು ತಾಸು ಚಿಲ್ಲರೆ ಏರುತ್ತದೆ, ಮತ್ತೆ ಅಷ್ಟೇ ಹೊತ್ತು ಇಳಿಯುತ್ತದೆ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹೊಳೆ ಏರಿದಾಗ ಹಳ್ಳಕ್ಕೆ ಹೊರಗೆ ಹೋಗಲು ಜಾಗವಿಲ್ಲ. ಅದು ನಿಂತು ಕಾಯುತ್ತದೆ, ಹಿಂದೆ ಸರಿಯುತ್ತದೆ. ಹೊಳೆ ಇಳಿದಾಗ ಕಟ್ಟಿ ನಿಂತದ್ದೆಲ್ಲ ಒಮ್ಮೆಲೇ ಹೊರಡುತ್ತದೆ. ಹಾಗಾಗಿ ಅದರ ಕೊನೆಯ ಒಂದು ಮೈಲಿಯಲ್ಲಿ ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಅಜ್ಜಿಗೆ ಗಡಿಯಾರ ಬೇಕಿರಲಿಲ್ಲ. "ನೀರು ಏರೂಕೆ ಹಿಡ್ದದೆ, ಬೇಗ ಮಿಂದು ಬನ್ನಿ" ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಹಳ್ಳದ ಸದ್ದು ನಿಂತದ್ದೇ ಅವಳಿಗೆ ಸೂಚನೆ. ಹರಿಯುವ ಹಳ್ಳ ಕಲ್ಲಿಗೆ ತಾಗಿ ಮಾತಾಡುತ್ತದೆ, ಏರುವ ನೀರಿಗೆ ಸದ್ದಿಲ್ಲ.

ಅಜ್ಜಿಯ ಇನ್ನೊಂದು ಮಾತು ನನ್ನನ್ನು ಈ ವಯಸ್ಸಿನವರೆಗೂ ಬಿಟ್ಟಿಲ್ಲ: "ಉಪ್ಪು ಸಂಕಕ್ಕೆ ಬಂತು." ಅವಳ ಕಾಲದಲ್ಲಿ ಅದು ವರ್ಷಕ್ಕೊಮ್ಮೆ ಹೇಳುವ ಸುದ್ದಿಯಾಗಿತ್ತಂತೆ. ಶಿವರಾತ್ರಿಯ ಹಿಂದುಮುಂದು, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತ ಬಂದಾಗ, ಸಂಕದ ಕೆಳಗಿಳಿದು ನೀರಿಗೆ ಬೆರಳದ್ದಿ ನಾಲಗೆಗೆ ಹಚ್ಚಿ ನೋಡುತ್ತಿದ್ದಳು. ಉಪ್ಪಾಗಿದ್ದರೆ ಆ ದಿನದಿಂದ ಬಸಳೆ ಚಪ್ಪರಕ್ಕೂ ಬದನೆ ಸಾಲಿಗೂ ಹಳ್ಳದ ನೀರು ಬಂದ್. ಬಾವಿಯಿಂದ ಸೇದಬೇಕು. ಸಂಕಕ್ಕಿಂತ ಮೇಲೆ ಮಣ್ಣು ಸೊಪ್ಪು ಹಾಕಿ ಒಡ್ಡು ಕಟ್ಟಬೇಕು, ಉಪ್ಪು ತೋಟಕ್ಕೆ ಏರಬಾರದು. ಇನ್ನೊಂದು ಕಡೆ, ಅದೇ ದಿನದಿಂದ ಕೋಡಿಯಲ್ಲಿ ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಕೆಲಸ ಶುರು. ಉಪ್ಪು ಬಂದರೆ ಮೀನು ಬಂತು, ಶೆಟ್ಲಿ (ಸೀಗಡಿ) ಬಂತು ಎಂದೇ ಲೆಕ್ಕ. ಒಂದು ಕೈಯಿಂದ ನೀರು ಕಿತ್ತುಕೊಂಡು ಇನ್ನೊಂದು ಕೈಯಿಂದ ಸಾರಿಗೆ ಕೊಡುತ್ತಿದ್ದ ಹಳ್ಳ ಅದು.

ಅವಳ ಕಾಲದಲ್ಲಿ ಎಂದೆ. ನಾನು ಬುದ್ಧಿ ತಿಳಿದು ಆ ಹಳ್ಳಕ್ಕಿಳಿಯುವ ಹೊತ್ತಿಗೆ ಉಪ್ಪು ಸಂಕಕ್ಕೆ ಬರುವುದು ನಿಂತು ವರ್ಷಗಳಾಗಿದ್ದವು. ಮೇಲೆ ಸಾಗರದ ಕಡೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಿತ್ತು.

ಆ ಅಣೆಕಟ್ಟಿಗೂ ನಮ್ಮ ಸಂಕದ ಉಪ್ಪಿಗೂ ಇರುವ ನಂಟನ್ನು ಹೇಳುವ ಮೊದಲು ಒಬ್ಬ ಹಳೆಯ ಪ್ರವಾಸಿಯ ವಿಷಯ ಹೇಳಬೇಕು. ಟಿಪ್ಪು ಬಿದ್ದ ಮೇಲೆ ಕಂಪನಿ ಸರಕಾರ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ನೋಡಿ ಬರಲು ಕಳುಹಿಸಿತ್ತು. ಅವನು 1801ರಲ್ಲಿ ಹೊನ್ನಾವರಕ್ಕೆ ಬಂದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೊನ್ನಾವರದ ನೀರನ್ನು ಕಂಡು ಅವನು ಬರೆದದ್ದರ ತಾತ್ಪರ್ಯ ಇಷ್ಟು: ಇಲ್ಲಿಯ ಜನ ಇದನ್ನು ಹೊಳೆ ಎನ್ನುತ್ತಾರೆ, ಆದರೆ ಸರೋವರ ಎನ್ನುವುದೇ ಸರಿ. ಇದು ಬಹಳ ವಿಸ್ತಾರವಾಗಿದೆ, ಒಳಗೆ ದ್ವೀಪಗಳಿವೆ, ಕೆಲವದರಲ್ಲಿ ಬೇಸಾಯವೂ ಇದೆ. ಬೇಸಿಗೆಯಲ್ಲಿ ನೀರು ಪೂರ್ತಿ ಉಪ್ಪು. ಆದರೆ ಸುತ್ತಲಿನಿಂದ ಅನೇಕ ಸಣ್ಣ ಹಳ್ಳಗಳು ಬಂದು ಸೇರುತ್ತವೆ, ಮಳೆಗಾಲದಲ್ಲಿ ಅವು ಉಕ್ಕಿ ಇಡೀ ಸರೋವರವನ್ನು ಸಿಹಿ ಮಾಡಿಬಿಡುತ್ತವೆ.

ಇದನ್ನು ಮೊದಲ ಸಲ ಓದಿದ ದಿನ ನನಗೆ ಆದ ಸಂತೋಷವನ್ನು ಇಂದಿಗೂ ಮರೆತಿಲ್ಲ. ನಕ್ಷೆ ಹೆಸರು ಕೊಡದ ನಮ್ಮ ಹಳ್ಳ ಇನ್ನೂರು ವರ್ಷದ ಹಿಂದೆ ಒಂದು ಪುಸ್ತಕದಲ್ಲಿ ತನ್ನಂಥ ಅನೇಕ ಹಳ್ಳಗಳ ಜೊತೆ ನಿಂತಿತ್ತು, ಅದೂ ಮಾಡುವ ಕೆಲಸದ ಸಮೇತ. ಸರೋವರ ಎಂಬ ಮಾತು ಅತಿಶಯವಲ್ಲ. ಕೊಂಕಣ ರೈಲಿನಲ್ಲಿ ಹೊನ್ನಾವರ ದಾಟಿದವರು ಇದನ್ನು ಒಪ್ಪುತ್ತಾರೆ. ಆ ಮಾರ್ಗದಲ್ಲೇ ಅತಿ ಉದ್ದದ ಸೇತುವೆ ಶರಾವತಿಯದು, 2,065 ಮೀಟರ್. ಕಿಟಕಿಯ ಬದಿ ಕೂತವರು ಇದು ಸಮುದ್ರವೋ ಕೆರೆಯೋ ಎಂದು ಪಕ್ಕದವರನ್ನು ಕೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಡುವೆ ಮಾವಿನಕುರ್ವೆ ತೆಂಗಿನ ತೋಪು ಹೊತ್ತು ತೇಲುತ್ತಿರುವಂತೆ ಕಾಣುತ್ತದೆ. ಕುರ್ವೆ ಎಂದರೆ ನಮ್ಮಲ್ಲಿ ಹೊಳೆಯ ನಡುಗಡ್ಡೆ. ಮಾವಿನಕುರ್ವೆ, ಪಾವಿನಕುರ್ವೆ, ಅತ್ತ ಅಘನಾಶಿನಿಯಲ್ಲಿ ಐಗಳಕುರ್ವೆ. ಗುಂಡಬಾಳಾ, ಭಾಸ್ಕೇರಿ, ಬಡಗಣಿ ಹೊಳೆಗಳು ಉಕ್ಕಿದ ಸುದ್ದಿ ಪ್ರತಿ ಜುಲೈಯಲ್ಲಿ ಪತ್ರಿಕೆಗೆ ಬರುತ್ತದೆ. ಅವಕ್ಕೆ ಹೆಸರಾದರೂ ಉಂಟು. ಅವುಗಳ ನಡುನಡುವೆ ಗುಡ್ಡದ ಪ್ರತಿ ಮಡಿಕೆಯಿಂದ ಇಳಿಯುವ ಹಳ್ಳಗಳನ್ನು ಎಣಿಸಿದವರಿಲ್ಲ.

ಘಟ್ಟದ ಕಾಳುಮೆಣಸು ಗೇರುಸೊಪ್ಪೆಯಿಂದ ಕಡಲಿಗೆ ಇಳಿದದ್ದೂ ಇದೇ ನೀರಿನ ಮೇಲೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ್ದು ಈ ನೀರಿನ ದಂಡೆಯಿಂದ. ನಮ್ಮಜ್ಜನ ಕಾಲಕ್ಕೂ ತೆಂಗಿನಕಾಯಿ ಮೂಟೆ ಹಳ್ಳದ ಬಾಯಿಯಲ್ಲೇ ದೋಣಿಗೆ ಏರುತ್ತಿತ್ತು. ಭರತ ನೋಡಿ ದೋಣಿ ಒಳಗೆ ತರುವುದು, ಇಳಿತ ನೋಡಿ ಹೊರಡುವುದು. ರಸ್ತೆಯಿಲ್ಲದ ಊರಿಗೆ ಹಳ್ಳವೇ ರಸ್ತೆ.

ಲಿಂಗನಮಕ್ಕಿ ಬಂದ ಮೇಲೆ ಶರಾವತಿಯ ಮಳೆಗಾಲ ವರ್ಷದ ಉದ್ದಕ್ಕೂ ಹರಡಿಕೊಂಡಿತು. ಅಂಬುತೀರ್ಥದಲ್ಲಿ ಹುಟ್ಟಿದ ನೀರು ಮಲೆನಾಡಿನ ಮಳೆಯನ್ನೆಲ್ಲ ಕೂಡಿಕೊಂಡು ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿಂದ ವಿದ್ಯುತ್ತಿಗೆ ಬೇಕಾದಷ್ಟು ದಿನವೂ ಕೆಳಗಿಳಿಯುತ್ತದೆ. ಏಪ್ರಿಲಿನಲ್ಲೂ ಇಳಿಯುತ್ತದೆ, ಮೇಯಲ್ಲೂ ಇಳಿಯುತ್ತದೆ. ಆ ಸಿಹಿನೀರು ಸಮುದ್ರದ ಉಪ್ಪನ್ನು ಕೆಳಕ್ಕೆ ತಳ್ಳಿ ಇಟ್ಟಿತು. ಭರತ ಇಳಿತ ನಿಲ್ಲಲಿಲ್ಲ. ನಮ್ಮ ಹಾಳೆ ದೋಣಿ ಮೊದಲಿನಂತೆಯೇ ಮರಳಿ ಬರುತ್ತಿತ್ತು. ಏರುವ ನೀರಿನ ರುಚಿ ಮಾತ್ರ ಬದಲಾಗಿತ್ತು. ಬುಕನನ್ ಕಂಡ ಉಪ್ಪಿನ ಬೇಸಿಗೆ ನಮ್ಮ ಸಂಕದಲ್ಲಿ ಮುಗಿಯಿತು.

ಇದರಿಂದ ಕೆಟ್ಟದ್ದೇ ಆಯಿತು ಎಂದು ಬರೆದರೆ ಅನ್ಯಾಯವಾದೀತು. ಮಾವನ ತೋಟಕ್ಕೆ ಬೇಸಿಗೆಯಲ್ಲಿ ಸಿಹಿನೀರು ಸಿಕ್ಕಿತು. ಬಾವಿಯ ನೀರು ಚೊಕ್ಕಟವಾಯಿತು. ಪ್ರತಿ ವರ್ಷ ಒಡ್ಡು ಕಟ್ಟುವ ಕೆಲಸ ತಪ್ಪಿತು. ಅಡಿಕೆ ಸಸಿಗಳು ಮೊದಲು ಹೋಗದ ತಗ್ಗಿಗೂ ಇಳಿದವು. ಅಜ್ಜಿಯೂ ಅಣೆಕಟ್ಟನ್ನು ಬೈದದ್ದು ನಾನು ಕೇಳಿಲ್ಲ. ಆದರೆ ಕೋಡಿಯಲ್ಲಿ ಬೆಳಚು ಕಡಿಮೆಯಾಗುತ್ತ ಹೋಗಿ ಕಡೆಗೆ ಸಿಗದೇ ಹೋಯಿತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಜಾಗದಲ್ಲಿ ಸಿಹಿನೀರಿನ ಹುಲ್ಲು ಬಂತು. ಕುಮಟೆಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಡಿ. ಸುಭಾಶ್ಚಂದ್ರನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವರ ಜೊತೆಗಾರರು ಶರಾವತಿ, ಅಘನಾಶಿನಿ ಎರಡೂ ಹೊಳೆಗಳ ಅಳಿವೆ ಅಳೆದು ನೋಡಿ ಹೇಳಿದ್ದೂ ಇದನ್ನೇ. ಅಣೆಕಟ್ಟಿನ ನೀರು ಬೀಳುವ ಶರಾವತಿಯ ಅಳಿವೆಯಲ್ಲಿ ಉಪ್ಪು ಇಳಿದಿದೆ, ಚಿಪ್ಪುಜೀವಿಗಳೂ ಕಾಂಡ್ಲಾವೂ ಸೊರಗಿವೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಎರಡೂ ತುಂಬಿವೆ.

ಆ ಅಘನಾಶಿನಿಯ ಕಡೆಗೆ ನನ್ನನ್ನು ಕರೆದೊಯ್ದವಳು ಅಕ್ಕ. ಅವಳನ್ನು ಕುಮಟಾ ತಾಲೂಕಿನ ಗಜನಿ ಬದಿಯ ಮನೆಯೊಂದಕ್ಕೆ ಕೊಟ್ಟಿದ್ದು. ಮೊದಲ ಬೇಸಿಗೆಯಲ್ಲಿ ಅವಳನ್ನು ನೋಡಲು ಹೋದಾಗ ಮನೆಯ ಹಿಂದೆ ಒಂದು ಹಳ್ಳ ಕಂಡೆ. ಅದೇ ಅಗಲ. ಮೇಲೆ ಅದೇ ಚಿರೆಕಲ್ಲಿನ ಗುಡ್ಡ, ಅದೇ ಕೇದಿಗೆ ಹಿಂಡು, ಅಡಿಕೆ ಮರದ ಸಂಕ. ಯಾಕೋ ಏನೋ, ಸಂಕದ ಕೆಳಗಿಳಿದು ಬೆರಳದ್ದಿ ನಾಲಗೆಗೆ ಹಚ್ಚಿದೆ. ಉಪ್ಪು. ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ನನ್ನ ನಾಲಗೆ ಕಂಡದ್ದು ಆ ದಿನ.

ಅಘನಾಶಿನಿಗೆ ಎರಡು ಹುಟ್ಟು. ಒಂದು ಶಿರಸಿಯ ಶಂಕರಹೊಂಡ, ಇನ್ನೊಂದು ಮಂಜುಗುಣಿ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕೆಳಗಿಳಿದು, ಮಿರ್ಜಾನಿನ ಹತ್ತಿರ ಬಂದಾಗ ಅಗಲವಾಗಿ, ಅಘನಾಶಿನಿ ಊರಿಗೂ ತದಡಿಗೂ ನಡುವಿನ ಸಣ್ಣ ಬಾಯಿಂದ ಕಡಲು ಸೇರುತ್ತದೆ. ಒಳಗೆ ವಿಶಾಲ, ಬಾಯಿ ಕಿರಿದು. ಇದೂ ಸರೋವರವೇ. ಎಲ್ಲೂ ಅಣೆಕಟ್ಟಿಲ್ಲ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆಂದು ಹೆದರಿ ಹೋರಾಡಿದ ಊರುಗಳಿಗೆ ಅದು ದೊಡ್ಡ ಸಮಾಧಾನ. ಆ ಸರೋವರದ ಒಂದು ಬದಿಗೆ ಸಾಣಿಕಟ್ಟೆಯ ಉಪ್ಪಿನ ಆಗರಗಳು, ಇನ್ನೊಂದೆಡೆ ಭತ್ತದ ಗಜನಿಗಳು. ಒಂದೇ ನೀರು ಉಪ್ಪನ್ನೂ ಅನ್ನವನ್ನೂ ಕೊಡುವುದು ಹೇಗೆ ಎಂದು ಭಾವನನ್ನು ಕೇಳಿದೆ. ಭಾವ ಮಾತಿನ ಮನುಷ್ಯರಲ್ಲ. "ಜೂನಿಗೆ ಬಾ, ತೋರಿಸ್ತೆ" ಎಂದರು.

ಜೂನಿನಲ್ಲಿ ಹೋದೆ. ಮೃಗಶಿರ ಮಳೆ ಹಿಡಿದು ನಾಲ್ಕು ದಿನ. ಗಜನಿ ಎಂದರೆ ಹೊಳೆಯ ಮಟ್ಟಕ್ಕಿಂತ ತಗ್ಗಿನ ಗದ್ದೆ. ಸುತ್ತ ಕಟ್ಟೆ, ಕಟ್ಟೆಯಲ್ಲಿ ಹೊಳೆಗೆ ತೆರೆಯುವ ಹಲಗೆಯ ಬಾಗಿಲು. ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ನಿಂತು ಮಣ್ಣೆಲ್ಲ ಉಪ್ಪಾಗಿರುತ್ತದೆ. ನಾನು ಮಳೆ ಬಿದ್ದರೆ ಉಪ್ಪು ಹೋಗುತ್ತದೆ ಎಂದುಕೊಂಡಿದ್ದೆ. ಭಾವ ತಲೆಯಾಡಿಸಿದರು. "ಮಳೆ ಬಿದ್ದ ಕೂಡ್ಲೇ ಬಿತ್ತೂಕೆ ಆತಿಲ್ಲ. ಹಳ್ಳ ಬಂದು ಗದ್ದೆ ತೊಳೀಬೇಕು. ಒಂದ್ಸಲ ಅಲ್ಲ, ಮೂರ್ನಾಲ್ಕು ಸಲ. ಆಮೇಲೆ ಬೀಜ."

ಆ ತೊಳೆಯುವುದನ್ನು ನಾನು ಕಟ್ಟೆಯ ಮೇಲೆ ಕೊಡೆ ಹಿಡಿದು ನಿಂತು ನೋಡಿದೆ. ಗುಡ್ಡದ ಮೇಲಿಂದ ಹಳ್ಳ ಕೆಂಪಗೆ ಉಕ್ಕಿ ಬಂದು ಗಜನಿಯೊಳಗೆ ಹರಡಿತು. ಹೊರಗೆ ಹೊಳೆ ಏರುತ್ತಿತ್ತು, ಭಾವ ಹಲಗೆ ಇಳಿಸಿದರು. ಒಳಗಿನ ಸಿಹಿನೀರು ನಿಂತು ಮಣ್ಣಿನ ಉಪ್ಪನ್ನು ಹೀರಿಕೊಂಡಿತು. ಇಳಿತ ಶುರುವಾದಾಗ, ಕತ್ತಲಾಗಿತ್ತು, ಟಾರ್ಚು ಹಿಡಿದು ಹೋಗಿ ಹಲಗೆ ಎತ್ತಿದರು. ಕಟ್ಟೆಯ ಬಾಯಿಂದ ನೀರು ಭೋರೆಂದು ಹೊರಗೆ ಹೊರಟಿತು. ಭಾವ ಆ ನೀರಿಗೂ ಬೆರಳದ್ದಿ ನಾಲಗೆಗೆ ಹಚ್ಚಿದರು. "ಇನ್ನೂ ಎರಡು ಸಲ" ಎಂದರು. ಒಂದು ವಾರದ ಮೇಲೆ ಮೊಳಕೆ ಬರಿಸಿದ ಕಗ್ಗ ಗದ್ದೆಗೆ ಬಿತ್ತು. ಉಪ್ಪು ತಡೆಯುವ, ನೆರೆ ಬಂದು ಮುಳುಗಿದರೂ ಕೊಳೆಯದೆ ಏಳುವ, ಎತ್ತರದ ಕೆಂಪಕ್ಕಿಯ ಭತ್ತ ಕಗ್ಗ. ಮಾಣಿಕಟ್ಟೆಯ ರೈತರು ಇಂದಿಗೂ ಅದನ್ನು ಉಳಿಸಿಕೊಂಡಿದ್ದಾರೆ. ಗೊಬ್ಬರ ಬೇಡ, ಔಷಧ ಬೇಡ, ಹಳ್ಳ ಹೊತ್ತು ತಂದ ಮಣ್ಣೇ ಸಾಕು. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಡುತ್ತಾರೆ. ಅದರ ಜೊತೆ ಶೆಟ್ಲಿ ಮರಿ, ನೋಗ್ಲಿ ಮೀನು, ಏಡಿ ಒಳಗೆ ಬಂದು ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಕೇರಳದ ಪೊಕ್ಕಾಳಿ, ಗೋವೆಯ ಖಾಜನ್ ಗದ್ದೆಗಳದ್ದೂ ಇದೇ ಕ್ರಮ. ಕಡಲ ದಂಡೆಯ ಜನ ಒಬ್ಬರನ್ನೊಬ್ಬರು ಕೇಳದೆಯೂ ಒಂದೇ ಉಪಾಯಕ್ಕೆ ಬಂದಿದ್ದಾರೆ, ಯಾಕೆಂದರೆ ಎಲ್ಲರ ಹಿಂದೆಯೂ ಒಂದು ಗುಡ್ಡ, ಅದರಿಂದಿಳಿಯುವ ಒಂದು ಹಳ್ಳ ಇದೆ.

ಅಘನಾಶಿನಿಯಂಥ ನೀರಿಗೆ ಹೋಲಿಸಿದರೆ ಅಕ್ಕನ ಮನೆಯ ಹಳ್ಳ ತರುವ ನೀರು ಒಂದು ಬೊಗಸೆ. ನಾನೂ ಬಹಳ ವರ್ಷ ಹಳ್ಳವನ್ನು ಹಾಗೆಯೇ ಅಳೆಯುತ್ತಿದ್ದೆ. ಆ ರಾತ್ರಿ ಕಟ್ಟೆಯ ಮೇಲೆ ನಿಂತಾಗ ಅಳತೆ ತಪ್ಪೆಂದು ತಿಳಿಯಿತು. ಹಳ್ಳದ ಬೆಲೆ ಅದರ ನೀರು ಎಷ್ಟು ಎನ್ನುವುದರಲ್ಲಿಲ್ಲ, ಅದು ಬರುವ ಹೊತ್ತಿನಲ್ಲಿದೆ, ಬರುವ ಜಾಗದಲ್ಲಿದೆ. ದೊಡ್ಡ ಹೊಳೆ ನಡುವಿನಲ್ಲಿ ಹರಿದು ಕಡಲಿಗೆ ಹೋಗುತ್ತದೆ. ದಂಡೆಯ ಮೂಲೆಮೂಲೆಯನ್ನು ತೊಳೆಯುವುದು, ಕೆಸರು ತುಂಬುವುದು, ಮೀನಿಗೆ ದಾರಿ ಬಿಡುವುದು ಹಳ್ಳವೇ. ಲಿಂಗನಮಕ್ಕಿಯಿಂದಿಳಿಯುವ ನೀರು ಹಳ್ಳದ ಸಾವಿರ ಪಾಲು ಇರಬಹುದು, ಆದರೆ ಅದು ಮೇಲಿನವರ ವಿದ್ಯುತ್ತಿನ ಹೊತ್ತಿಗೆ ಇಳಿಯುತ್ತದೆ. ಹಳ್ಳ ಮಳೆಯ ಹೊತ್ತಿಗೆ ಇಳಿಯುತ್ತದೆ.

ಇಳಿತದ ಹೊತ್ತಿನಲ್ಲಿ ಅಕ್ಕನ ಮನೆಯ ಹಳ್ಳದ ಕೋಡಿಗೆ ಹೋಗಿ ಕೂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಸರಿದು ಕೆಸರು ಬೆಳ್ಳಿಯ ತಗಡಿನಂತೆ ಹೊಳೆಯುತ್ತಿರುತ್ತದೆ. ಅದರ ನಡುವೆ ಹಳ್ಳ ಬೆರಳಗಲದ ಗೆರೆಗಳಾಗಿ ಕವಲೊಡೆದು ಹೊಳೆಯ ಕಡೆ ಹೋಗುತ್ತದೆ. ಮರದ ಎಲೆಯ ನರಗಳ ಹಾಗೆ, ದೊಡ್ಡದರಿಂದ ಸಣ್ಣದು, ಸಣ್ಣದರಿಂದ ಇನ್ನೂ ಸಣ್ಣದು. ಒಂದು ಕೈ ಮಾತ್ರ ದೊಡ್ಡದಿರುವ ಪುಟ್ಟ ಏಡಿಗಳು ಬಿಲದ ಬಾಯಲ್ಲಿ ನಿಂತು ಆ ಕೈಯನ್ನು ಎತ್ತಿ ಇಳಿಸುತ್ತಿರುತ್ತವೆ. ಸಿಹಿನೀರು ಉಪ್ಪುನೀರಿಗೆ ತಾಗುವಲ್ಲಿ ಒಂದು ನೊರೆಯ ಗೆರೆ. ಸಿಹಿನೀರು ಹಗುರ, ಅದು ಮೇಲೆ ಜಾರುತ್ತದೆ. ಉಪ್ಪುನೀರು ಭಾರ, ಕೆಳಗೆ ನುಸುಳುತ್ತದೆ. ಗೆರೆಯ ಆಚೆ ಈಚೆ ಬಣ್ಣವೇ ಬೇರೆ. ಹಳ್ಳ ಹೊತ್ತು ತಂದ ಕೆಂಪು ಮಣ್ಣಿನ ಕಣಗಳು ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳಿಕೊಂಡು ತೇಲುತ್ತಿರುತ್ತವೆ. ಉಪ್ಪು ತಾಗಿದ ಕೂಡಲೇ ಒಂದಕ್ಕೊಂದು ಅಂಟಿ ತಳಕ್ಕೆ ಕೂರುತ್ತವೆ, ಹುಳಿ ಬಿದ್ದ ಹಾಲು ಒಡೆದಂತೆ. ಹಳ್ಳದ ಬಾಯಲ್ಲಿ ಮೊಣಕಾಲು ಹೂಳುವಷ್ಟು ಮೆತ್ತಗಿನ ಕೆಸರು ಇರುವುದು ಇದರಿಂದ. ಕಾಂಡ್ಲಾದ ಬೀಜ ಗಿಡದ ಮೇಲೇ ಮೊಳೆತು ಈಟಿಯಂತೆ ಉದ್ದ ಬೆಳೆದು, ಇಳಿತದಲ್ಲಿ ಬಿದ್ದರೆ ನೆಟ್ಟಗೆ ಆ ಕೆಸರಿನಲ್ಲಿ ನಾಟುತ್ತದೆ. ಅದರ ಬೇರಿನ ನಡುವೆ ಮೀನಿನ ಮರಿಗಳು. ಬೆಳಚು, ಕಲ್ವಾ ಹೆಕ್ಕಿ ಬದುಕುವ ಎರಡು ಸಾವಿರಕ್ಕೂ ಹೆಚ್ಚು ಜನ ಅಘನಾಶಿನಿ ಅಳಿವೆಯ ಸುತ್ತ ಇದ್ದಾರೆ. ಅಂಬಿಗರು, ಹರಿಕಂತರು, ಹಾಲಕ್ಕಿ ಒಕ್ಕಲಿಗರ ಮನೆಯ ಹೆಂಗಸರು ಬುಟ್ಟಿ ಹಿಡಿದು ಸೊಂಟದವರೆಗೆ ನೀರಿನಲ್ಲಿ ನಿಂತು, ಕಾಲ ಬೆರಳಿನಿಂದಲೇ ಚಿಪ್ಪನ್ನು ಗುರುತು ಹಿಡಿಯುತ್ತಾರೆ.

ಇಲ್ಲಿಯೂ ಎಲ್ಲ ನೆಟ್ಟಗಿಲ್ಲ. 1970ರ ದಶಕದಲ್ಲಿ ಸರಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಕಟ್ಟೆಗಳು ಬಂದವು. 1990ರ ದಶಕದಲ್ಲಿ ಶೆಟ್ಲಿ ಸಾಕಣೆಯ ಕೊಳಗಳು ಬಂದವು, ರೋಗ ಬಂದು ಮುಳುಗಿದವು. 1996ರಲ್ಲಿ ಅಂಥ ಕೊಳಗಳ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಈ ಗಲಾಟೆಯಲ್ಲಿ ಎಷ್ಟೋ ಗಜನಿಗಳು ಬೇಸಾಯವಿಲ್ಲದೆ ಪಾಳು ಬಿದ್ದವು. ಕೇರಳದಲ್ಲಿ ಇದಕ್ಕಿಂತ ದೊಡ್ಡ ಪಾಠ ನಡೆದಿದೆ. ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗಬಾರದೆಂದು ವೇಂಬನಾಡು ಸರೋವರಕ್ಕೆ ಅಡ್ಡಲಾಗಿ ತಣ್ಣೀರ್ಮುಕ್ಕಂ ಬಾಗಿಲುಗಳನ್ನು ಕಟ್ಟಿದರು, 1976ರಿಂದ ಅವು ಕೆಲಸ ಮಾಡುತ್ತಿವೆ. ಭತ್ತ ಉಳಿಯಿತು. ಆದರೆ ಮೀನಿನ ದಾರಿ ಕಟ್ಟಿತು, ಬೆಳಚು ಸೊರಗಿತು, ಒಳಗೆ ಕಳೆ ತುಂಬಿತು. ಬಾಗಿಲು ಎಂದು ತೆಗೆಯಬೇಕು ಎಂದು ರೈತರಿಗೂ ಮೀನುಗಾರರಿಗೂ ಇಂದಿಗೂ ಜಗಳ. ಭಾವನ ಹಲಗೆಯೂ ಬಾಗಿಲೇ. ಆದರೆ ಅದನ್ನು ಎತ್ತಿ ಇಳಿಸುವವನು ದಿನಕ್ಕೆ ಎರಡು ಸಲ ಕಟ್ಟೆಯ ಮೇಲೆ ನಿಂತು ನೀರಿನ ರುಚಿ ನೋಡುತ್ತಾನೆ.

 

ಅಜ್ಜಿಮನೆಯ ಹಳ್ಳಕ್ಕೆ ಆದದ್ದನ್ನು ಹೇಳದೆ ಮುಗಿಸಲಾರೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಆ ಊರಿಗೆ ರಸ್ತೆ ಬಂತು. ರಸ್ತೆ ಬೇಕಾಗಿತ್ತು. ಮಳೆಗಾಲದಲ್ಲಿ ಬಸುರಿ ಹೆಂಗಸರನ್ನು ಕುರ್ಚಿಯ ಮೇಲೆ ಹೊತ್ತು ಸಂಕ ದಾಟಿಸಿದ ಊರು ಅದು. ಕೆಲಸಕ್ಕೆ ಬಂದವರು ಏಪ್ರಿಲಿನಲ್ಲಿ ಬಂದರು. ಆಗ ಹಳ್ಳ ಪಾದ ಮುಳುಗುವಷ್ಟು. ಅದನ್ನು ನೋಡಿ ಎರಡು ಸಿಮೆಂಟು ಪೈಪು ಸಾಕೆಂದರು. ಮಾವ ಕಂಬದ ಮೇಲಿನ ಗುರುತು ತೋರಿಸಿ "ಮಳೆಗಾಲದಲ್ಲಿ ಇಲ್ಲಿಗೆ ಬತ್ತದೆ" ಎಂದರು, ಯಾರೂ ಕೇಳಲಿಲ್ಲ. ಪೈಪಿನ ತಳ ಹಳ್ಳದ ತಳಕ್ಕಿಂತ ಒಂದು ಮೊಳ ಎತ್ತರಕ್ಕೆ ಕೂತಿತು. ಆ ಆಗಸ್ಟಿನಲ್ಲಿ ಹುಣ್ಣಿಮೆಯ ಭರತವೂ ಗುಡ್ಡದ ನೀರೂ ಒಂದೇ ರಾತ್ರಿ ಬಂದವು. ಹಿಂದೆ ಹಾಗೆ ಬಂದಾಗ ಹಳ್ಳ ಗದ್ದೆಗೆ ಹರಡಿ, ಇಳಿತದಲ್ಲಿ ಹೊರಟುಹೋಗುತ್ತಿತ್ತು. ಈಗ ರಸ್ತೆಯೇ ಒಡ್ಡಾಯಿತು. ಇಳಿತ ಬಂದರೂ ಆ ನೀರು ಎರಡು ಪೈಪಿನಲ್ಲಿ ಇಳಿದು ಮುಗಿಯುವ ಮೊದಲೇ ಮತ್ತೆ ಭರತ. ಮೂರು ದಿನ ತೋಟದಲ್ಲಿ ನೀರು ನಿಂತಿತು. ಆ ವರ್ಷ ಅಡಿಕೆಗೆ ಕೊಳೆ ಬಂದದ್ದು ಬಂತೇ ಬಂತು, ಬೇರು ಕೊಳೆತು ಸತ್ತ ಮರಗಳನ್ನು ಮಾವ ಒಂದೊಂದಾಗಿ ಕೈಯಿಂದ ಮುಟ್ಟಿ ಎಣಿಸಿದ್ದನ್ನು ನಾನು ಕಂಡೆ. ಮೊದಲ ಮಳೆಗೆ ಹೊಳೆಯಿಂದ ಹಳ್ಳ ಹತ್ತಿ ಗದ್ದೆಗೆ ಬರುತ್ತಿದ್ದ ಮೀನುಗಳು ಪೈಪಿನ ಕೆಳಗೆ ಗುಂಪಾಗಿ ನಿಂತಿದ್ದವು. ಒಂದು ಮೊಳದ ಎತ್ತರ ಅವಕ್ಕೆ ಜೋಗದಷ್ಟು.

ಏಪ್ರಿಲಿನಲ್ಲಿ ನೋಡಿದ ಹಳ್ಳವನ್ನು ಆಗಸ್ಟಿಗೆ ಲೆಕ್ಕ ಹಾಕಬಾರದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ 3,500 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬರುತ್ತದೆ. ಹಳ್ಳದ ಬಾಯಿಯನ್ನು ಬೆಳಗಿನ ಇಳಿತದಲ್ಲಿ ನೋಡಿದವನು ಸಂಜೆಯ ಭರತದಲ್ಲೂ ನೋಡಬೇಕು. ಒಂದು ಹುಣ್ಣಿಮೆ ಅಲ್ಲಿಯೇ ಕಳೆಯಬೇಕು. ಇದಕ್ಕೆ ಯಂತ್ರ ಬೇಡ, ದಂಡೆಯ ಮನೆಯ ಹಿರಿಯರ ಜೊತೆ ಅರ್ಧ ತಾಸು ಕೂತರೆ ಆಯಿತು. ಕಂಬದ ಮೇಲಿನ ಗುರುತು ಓದಲು ಬರುವವರು ಪ್ರತಿ ಮನೆಯಲ್ಲಿ ಒಬ್ಬರಿದ್ದಾರೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರೇ ಹೇಳಿ ಬರೆಸುವ ದಾಖಲೆಯ ಪುಸ್ತಕ ಇರಬೇಕು. ಭಟ್ಕಳ, ಹೊನ್ನಾವರ, ಕುಮಟೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕ ಕೇಳಿ ನೋಡಿ. ನಿಮ್ಮ ಮನೆಯ ಹಿಂದಿನ ಹಳ್ಳ ಅದರಲ್ಲಿದೆಯೇ ಹುಡುಕಿ. ಇಲ್ಲದಿದ್ದರೆ ಬರೆಸಿ. ಅದರ ಎಲ್ಲ ಹೆಸರುಗಳನ್ನೂ ಬರೆಸಿ. ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೊಳೆ ಸೇರುತ್ತದೆ, ಮಳೆಗಾಲದಲ್ಲಿ ಎಲ್ಲಿಯವರೆಗೆ ಏರುತ್ತದೆ, ಬೇಸಿಗೆಯಲ್ಲಿ ಉಪ್ಪು ಎಲ್ಲಿಯವರೆಗೆ ಬರುತ್ತದೆ, ಯಾವ ಮೀನು ಯಾವ ಮಳೆಗೆ ಹತ್ತುತ್ತದೆ, ಇಷ್ಟನ್ನು ಅಜ್ಜಿಯಂಥವರು ಇರುವಾಗಲೇ ಕೇಳಿ ಬರೆಸಿ.

ಅಕ್ಕ ಈಗಲೂ ಬೇಸಿಗೆಯಲ್ಲಿ ಫೋನು ಮಾಡುತ್ತಾಳೆ. ಈ ವರ್ಷ ಅವಳ ಮನೆಯ ಹಳ್ಳದಲ್ಲಿ ಉಪ್ಪು ಸಂಕಕ್ಕೆ ಬಂದದ್ದು ಶಿವರಾತ್ರಿ ಕಳೆದು ಆರನೆಯ ದಿನ.